ಕೂಗಿನ ಕಡೆಗೆ ಚಾಚಿದ ಕೈ

ನನಗೊಂದು ಚಟ ಅಂಟಿಕೊಂಡಿದೆ. ಕಣ್ಣು ಮುಚ್ಚಿ ಕೂತಿದ್ದಾಗ ಎಲ್ಲಿಂದಲಾದರೂ ಸದ್ದು ಬಂದರೆ ಸಾಕು, ನನ್ನ ಬಲಗೈ ನನ್ನನ್ನು ಕೇಳದೆಯೇ ಎದ್ದು ಆ ಕಡೆಗೆ ಚಾಚಿಕೊಳ್ಳುತ್ತದೆ. ಪಕ್ಕದ ಮನೆಯ ಕುಕ್ಕರ್ ಸೀಟಿ ಹಾಕಲಿ, ಶಿವಬಸವ ನಗರದ ನಮ್ಮ ಓಣಿಯಲ್ಲಿ ಕಾಯಿಪಲ್ಯದ ಗಾಡಿಯವನು ಕೂಗಲಿ, ಕೈ ಎದ್ದಿತೆಂದೇ ಲೆಕ್ಕ. ಒಮ್ಮೆ ಸಿಟಿ ಬಸ್ಸಿನಲ್ಲಿ ತೂಕಡಿಸುತ್ತಿದ್ದೆ. ಮುಂದೆಲ್ಲೋ ಲಾರಿ ಹಾರ್ನ್ ಹೊಡೆಯಿತು. ನನ್ನ ಕೈ ಎದ್ದ ರಭಸಕ್ಕೆ ಎದುರು ನಿಂತಿದ್ದ ಕಂಡಕ್ಟರನ ಟಿಕೆಟ್ ಯಂತ್ರ ಕೆಳಗೆ ಬಿತ್ತು. "ಇಳಿಯೂದಿದ್ರ ಬಾಯಿಲೇ ಹೇಳ್ರಿ ಅಕ್ಕಾರ, ಹೊಡದ್ಯಾಕ ಹೇಳ್ತೀರಿ" ಎಂದ. ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ಯೋಗಾಸನವೆಂದು ನಂಬಿರುವವರಿದ್ದಾರೆ. ಭುಜದ ನೋವಿಗೆ ಒಳ್ಳೆಯದೇ ಎಂದು ಒಬ್ಬರು ವಿಚಾರಿಸಿದರು, ಒಳ್ಳೆಯದು ಎಂದುಬಿಟ್ಟೆ. ನಿಜವಾದ ಕಾರಣ ಹೇಳಹೊರಟರೆ ಒಂದು ಮಧ್ಯಾಹ್ನದ ಕತೆಯನ್ನೇ ಹೇಳಬೇಕು. ನೀವು ಸ್ಟಾಫ್ ರೂಮಿನವರಲ್ಲ, ಆದ್ದರಿಂದ ಹೇಳುತ್ತೇನೆ.

ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು. ಬೀಜಗಣಿತ ಮಾಡಿಸುವಾಗ ಮಕ್ಕಳಿಗಿಂತ ಮೊದಲು ನನಗೇ ಆಕಳಿಕೆ ಬರುತ್ತದೆ. ರೇಖಾಗಣಿತದ ಪಾಠ ಬಂತೆಂದರೆ ಮಾತ್ರ ಸೆರಗು ಸಿಕ್ಕಿಸಿ ನಿಲ್ಲುತ್ತೇನೆ. ಯೂಕ್ಲಿಡ್ಡನ ಜ್ಯಾಮಿತಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೋನ-ಬಾಹು-ಕೋನ, ನಮ್ಮ ಪಠ್ಯದ ಬಾಯಲ್ಲಿ ಕೋ.ಬಾ.ಕೋ. ಒಂದು ಗೆರೆ, ಅದರ ಎರಡು ತುದಿಗಳಲ್ಲಿ ಒಂದೊಂದು ಕೋನ. ಇಷ್ಟು ಕೊಟ್ಟರೆ ತ್ರಿಭುಜದ ಮೂರನೆಯ ಮೂಲೆ ಎಲ್ಲಿದೆ ಎಂಬುದು ತೀರ್ಮಾನವಾಗಿಬಿಡುತ್ತದೆ. ನೀವು ಅಲ್ಲಿಗೆ ಹೋಗಬೇಕಿಲ್ಲ, ಅದನ್ನು ಕಣ್ಣಾರೆ ಕಾಣಬೇಕಾಗಿಯೂ ಇಲ್ಲ. ಕೂತಲ್ಲೇ ಕೂತು ದೂರದ್ದನ್ನು ಹಿಡಿಯುವ ಈ ಸೌಕರ್ಯ ನನ್ನಂಥ ಸೋಮಾರಿಗೆ ಹಿಡಿಸದೆ ಇದ್ದೀತೇ. ಇದನ್ನು ಮನೆಯಲ್ಲೂ ಎಷ್ಟು ಸಲ ಕೊರೆದಿದ್ದೆನೆಂದರೆ ನಮ್ಮ ಮನೆಯವರು ನನಗೆ ಕೋಬಾಕೋ ಎಂದೇ ಅಡ್ಡಹೆಸರಿಟ್ಟರು. "ಕೋಬಾಕೋ, ಚಾ ಆತೇನು?" ಎನ್ನುವರು. ಅವರು ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಶಿಯರು. ತಮಾಷೆ ಜಾಸ್ತಿ, ತಾಳ್ಮೆ ಕಡಿಮೆ.

ಅವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ತಡಮಾಡದೆ ಉಣ್ಣಬೇಕು. ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಮೊದಲು ಬೆವರು, ಆಮೇಲೆ ತೊದಲು, ಆಮೇಲೆ ಸಣ್ಣ ಮಕ್ಕಳ ಹಟ, ಕೊನೆಗೆ ಎಚ್ಚರ ತಪ್ಪುವುದು. ಒಂದು ಸಲ ಮನೆಯಲ್ಲೇ ಹಾಗಾದಾಗ ನನ್ನನ್ನು ದಿಟ್ಟಿಸಿ ನೋಡಿ "ನೀವು ಯಾರ್ರಿ ಬಾಯಾರ?" ಎಂದು ಕೇಳಿದ್ದರು. ಸಕ್ಕರೆ ನೀರು ಕುಡಿಸಿ ಸರಿಯಾದ ಮೇಲೆ ಇಬ್ಬರೂ ನಕ್ಕೆವು. ಅಂದಿನಿಂದ ಅವರ ಅಂಗಿಯ ಜೇಬಿನಲ್ಲಿ ಪೆಪ್ಪರಮಿಂಟು ಇಡುವುದು ನನ್ನ ಕೆಲಸವಾಯಿತು.

ನಮ್ಮ ಅಕ್ಕನ ಊರು ಖಾನಾಪುರ ತಾಲೂಕಿನಲ್ಲಿ, ಹಲಸಿಯಿಂದ ಇನ್ನೂ ಒಳಗೆ. ಶ್ರಾವಣದ ಒಂದು ಭಾನುವಾರ ಇಬ್ಬರೂ ಹೋಗಿದ್ದೆವು. ಊರಿನ ಪಕ್ಕಕ್ಕೆ ಹಳ್ಳ, ಹಳ್ಳದ ಆಚೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಬಂಡೆ. ಆ ಬಂಡೆಗೆ ಈಗ ರೇಂಜಿನ ಕಲ್ಲು ಎಂದೇ ಹೆಸರು. ಊರೊಳಗೆ ಯಾರ ಮೊಬೈಲಿಗೂ ರೇಂಜಿಲ್ಲ, ಆ ಕಲ್ಲು ಹತ್ತಿ ನಿಂತರೆ ಮಾತ್ರ ಸಿಗುತ್ತದೆ. ಬೀಗರಿಗೆ ಫೋನ್ ಮಾಡುವವರು, ಹುಡುಗಿಯ ಫೋಟೋ ತರಿಸಿಕೊಳ್ಳುವವರು, ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಹೋಗುವ ದಾರಿ ಹಳ್ಳದ ಮೇಲ್ಗಡೆ ನೀರು ತಡೆಯಲು ಕಟ್ಟಿದ ಬಾಂದಾರದ ಗೋಡೆಯ ಮೇಲಿಂದ. ಉಳಿದೆಡೆಯೆಲ್ಲ ಹಳ್ಳಕ್ಕೆ ಕಡಿದಾದ ದಂಡೆ, ಮಳೆಗಾಲದಲ್ಲಿ ಕೆಳಗೆ ಕೆಂಪು ನೀರಿನ ಭೋರ್ಗರೆತ.

ಬಸ್ಸಿಳಿದು ಬರುವಾಗ ತೋಯ್ದಿದ್ದರಿಂದ ಅವರು ಅಂಗಿ ಬದಲಿಸಿದ್ದರು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ನಾನು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದೆ. ಒಳಗಿನ ಮಾತು ನನಗೆ ಕೇಳಿಸುತ್ತಿತ್ತು.

"ಸೂಜಿ ಹಾಕ್ಕೊಂಡ್ರೇನು? ತಾಟ ಹಾಕತೇನಿ, ಕುಂದರ್ರಿ" ಎಂದಳು ಅಕ್ಕ.

"ಹಾಕ್ಕೊಂಡೇನ್ರಿ. ಐದ ನಿಮಿಷ ತಡೀರಿ ಅಕ್ಕಾರ, ರೇಂಜಿನ ಕಲ್ಲಿಗೆ ಹೋಗಿ ಗ್ರೂಪಿಗೆ ಒಂದ ಫೋಟೋ ಬಿಟ್ಟು ಬರತೇನಿ. ಹಳ್ಳ ಎಷ್ಟ ಚಂದ ತುಂಬೇತಿ."

ಕೈ ಒರೆಸಿಕೊಂಡು ಒಳಗೆ ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಬಾಗಿಲಿಗೆ ಬಂದು ನೋಡಿದೆ. ಗುಡ್ಡವೇ ಇರಲಿಲ್ಲ. ಮಂಜು ಇಳಿದು ಹಳ್ಳ, ಬಾಂದಾರ, ಎದುರಿನ ಮನೆಯ ಹುಲ್ಲಿನ ಬಣವೆ, ಎಲ್ಲವನ್ನೂ ನುಂಗಿತ್ತು. ಹಗ್ಗದ ಮೇಲೆ ಅವರ ಒದ್ದೆ ಅಂಗಿ ನೇತಾಡುತ್ತಿತ್ತು. ಜೇಬು ಮುಟ್ಟಿ ನೋಡಿದೆ, ಪೆಪ್ಪರಮಿಂಟು ಅದರಲ್ಲೇ ಇತ್ತು.

ರೊಟ್ಟಿ ಆರಿದವು. ಪಲ್ಯ ಆರಿತು. ಭಾವ ಗೊಂಗಡಿ ಹೊದ್ದು ಅಂಗಳಕ್ಕೆ ಇಳಿದರು. ಆಗ ಮೊದಲ ಕೂಗು ಕೇಳಿಸಿತು. "ಓ ಅಣ್ಣಾ..." ಭಾವನನ್ನು ಅವರು ಅಣ್ಣಾ ಎನ್ನುತ್ತಿದ್ದರು. ದನಿ ಎಲ್ಲಿಂದ ಬಂತೆಂದು ಹೇಳಲಾಗದಂತೆ ಬಂತು.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇದೆ. ಕಾಡಿನಿಂದಲೋ ಗುಡ್ಡದಿಂದಲೋ ಕೂಗು ಬಂದರೆ ಕೇಳಿಸಿಕೊಂಡವರು 'ಓ' ಎನ್ನಲೇಬೇಕು. ಕೂಗಿದವನು ಯಾರೆಂದು ಗೊತ್ತಿರಬೇಕಿಲ್ಲ. ಅವನೊಂದಿಗೆ ಜಗಳವಿದ್ದರೂ ಅದನ್ನು ಬದಿಗಿಟ್ಟು ಓ ಎನ್ನಬೇಕು. ಸರಿ, ನಮ್ಮ ಭಾವ ಓ ಎಂದರು. ಎದುರಿನ ಮನೆಯವರು ಓ ಎಂದರು. ಕೆಳಗಿನ ಓಣಿಯಿಂದ "ಈ ಕಡೆ ಬರ್ರಿ" ಎಂದು ಕನ್ನಡದಲ್ಲಿ, ಮೇಲಿನ ಓಣಿಯಿಂದ "ಇಕಡೇ ಯಾ" ಎಂದು ಮರಾಠಿಯಲ್ಲಿ ಕೂಗಿದರು. ಊರಿಗೆ ಊರೇ ಪ್ರೀತಿಯಿಂದ ಓಗೊಟ್ಟಿತು. ಮುಂದಿನ ಕೂಗು ಬೇರೆ ಕಡೆಯಿಂದ ಬಂತು. ಅದರ ಮುಂದಿನದು ಮತ್ತೆ ಬೇರೆ ಕಡೆಯಿಂದ.

ಜನ ಅಂಗಳದಲ್ಲಿ ನೆರೆದರು. ಒಬ್ಬರು ಬಾಂದಾರದ ಕಡೆ ಬೆರಳು ಮಾಡಿದರು, ಇನ್ನೊಬ್ಬರು ಗದ್ದೆಯ ಕಡೆ. ನೋಡುತ್ತಾ ನಿಂತಾಗ ನನಗೊಂದು ಹೊಳೆಯಿತು. ಇವರೆಲ್ಲ ಕಿವಿಯಿಂದಲ್ಲ, ಕಣ್ಣಿನಿಂದ ಬೆರಳು ಮಾಡುತ್ತಿದ್ದಾರೆ. ಯಾರಿಗೆ ಯಾವ ದಾರಿ ರೂಢಿಯೋ ಆ ದಾರಿ ತೋರಿಸುತ್ತಿದ್ದಾರೆ. ಚಿಕ್ಕಂದಿನಲ್ಲಿ ಅಕ್ಕನೂ ನಾನೂ ನಮ್ಮ ತವರೂರಾದ ಹಲಸಿಯ ಹಳೆಯ ಗುಡಿಯ ಅಂಗಳದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುತ್ತಿದ್ದೆವು. ಚಪ್ಪಾಳೆ ಕೇಳಿದ ಕಡೆ ಹೋಗಿ ಹಿಡಿಯಬೇಕು. ಅಕ್ಕ ಬಟ್ಟೆಯ ಸಂದಿಯಿಂದ ಕದ್ದು ನೋಡಿ, ನೋಡಿದ ತಪ್ಪಿಗೆ ಪ್ರತಿಸಲ ಕಂಬವನ್ನೇ ಅಪ್ಪಿಕೊಳ್ಳುತ್ತಿದ್ದಳು. ನನಗೆ ಬಟ್ಟೆಯೊಳಗಿನ ಕತ್ತಲೆಯೇ ಅನುಕೂಲವಾಗಿತ್ತು. ಈಗಲೂ ಕಣ್ಣು ಮುಚ್ಚಿದೆ. ಕೂಗು ಬಂದೊಡನೆ ಕೈ ಚಾಚಿದೆ. ಆಮೇಲೆ ಕೊಟ್ಟಿಗೆಯ ಮೂಲೆಗೆ ಓಡಿ ಅಲ್ಲಿಂದ ಇನ್ನೊಮ್ಮೆ ಚಾಚಿದೆ. ಎರಡು ಗೆರೆ ಸಿಕ್ಕವು, ಅವು ಕೂಡುವ ಜಾಗ ಹಳ್ಳದ ಈಚೆಯ ಗದ್ದೆ ಎಂದು ಸಾರಿದೆ. ಗಂಡಸರು ಕೆಸರು ತುಳಿಯುತ್ತಾ ಓಡಿದರು. ಅಲ್ಲಿ ಒಂದು ಎಮ್ಮೆ ಇತ್ತು.

ತ್ರಿಭುಜ ಸುಳ್ಳು ಹೇಳುವುದಿಲ್ಲ. ನಾನು ಅದಕ್ಕೆ ಕೊಟ್ಟ ಪಾದವೇ, ಅಂದರೆ ಬುಡದ ಗೆರೆಯೇ, ಗಿಡ್ಡದಾಗಿತ್ತು. ಅಂಗಳದಿಂದ ಕೊಟ್ಟಿಗೆಗೆ ಎಷ್ಟು ದೂರ ಇದ್ದೀತು. ಅಷ್ಟು ಚಿಕ್ಕ ಗೆರೆಯ ಎರಡು ತುದಿಯಿಂದ ದೂರದ್ದನ್ನು ತೋರಿಸಿದರೆ ಎರಡು ಕೈಗಳೂ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತವೆ. ಒಂದು ಬೆರಳಿನಷ್ಟು ಕೈ ಅಲುಗಿದರೂ ಮೂರನೆಯ ಮೂಲೆ ಗದ್ದೆಯಿಂದ ಎದ್ದು ಗೋವಾದಲ್ಲಿ ಹೋಗಿ ಕೂರುತ್ತದೆ. ಅದರ ಮೇಲೆ, ಕೂಗುತ್ತಿರುವವರು ನಿಂತಲ್ಲಿ ನಿಲ್ಲುತ್ತಿಲ್ಲ. ಊರಿನ ಯಾವ ಮೂಲೆಯಿಂದ ಓ ಬಂದರೆ ಆ ಕಡೆಗೆ ತಿರುಗುತ್ತಿದ್ದಾರೆ. ಓಡಾಡುವ ಬಿಂದುವಿಗೆ ಯಾವ ತ್ರಿಭುಜವನ್ನೂ ಕಟ್ಟಲಾಗುವುದಿಲ್ಲ.

"ಒಂದೆರಡ ಕೂಗಿಗೆ ಎಲ್ಲಾರೂ ಸುಮ್ನಿರ್ರಿ, ಅವರು ನಿಂದರ್ಲಿ" ಎಂದೆ. ಭಾವನನ್ನು ಊರಿನ ಆ ತುದಿಯ ಸಾಲಿಗುಡಿಗೆ, ಅಂದರೆ ಶಾಲೆಯ ಕಟ್ಟಡಕ್ಕೆ, ಹೋಗಲು ಹೇಳಿದೆ. ಅಕ್ಕನ ಮನೆಯಿಂದ ಅಲ್ಲಿಗೆ ರಸ್ತೆ ನೆಟ್ಟಗಿದೆ, ಅದೇ ನನ್ನ ಹೊಸ ಪಾದ. ಅಲ್ಲಿ ಕಣ್ಣು ಮುಚ್ಚಿ ನಿಂತು ಕೂಗಿನ ಕಡೆ ಕೈ ಮಾಡಬೇಕು, ರಸ್ತೆಗೂ ಕೈಗೂ ನಡುವಿನ ಕೋನವನ್ನು ಕೆಡದಂತೆ ಇಲ್ಲಿಗೆ ತರಬೇಕು. ಕೋನವನ್ನು ಯಾವುದರಲ್ಲಿ ತರುವುದು? ಅಕ್ಕನ ಒಲೆಯ ಪಕ್ಕ ತುಕ್ಕು ಹಿಡಿದು ಬಿಗಿಯಾದ ಉದ್ದನೆಯ ಇಕ್ಕಳವಿತ್ತು. ತೆರೆದರೆ ತೆರೆದಷ್ಟೇ ನಿಲ್ಲುತ್ತಿತ್ತು.

"ಒಂದ ಕಾಲು ರಸ್ತೆದ ಬಾಜೂಕ, ಇನ್ನೊಂದ ಕಾಲು ನಿಮ್ಮ ಕೈ ಬಾಜೂಕ. ದಾರ್ಯಾಗ ಬೀಳಿಸಬ್ಯಾಡ್ರಿ ಭಾವಾರ."

"ಸಾಡೂನ ಹುಡಕಾಕ ಇಕ್ಕಳ ತಗೊಂಡ ಹೊಂಟಾಂವ ನಾನ ಮೊದಲನೇದಾಂವ ಇರಬೇಕ ನೋಡವಾ" ಎಂದರು, ತಮ್ಮ ಷಡ್ಡಕನನ್ನು ಸಾಡೂ ಎನ್ನುವ ಭಾವ. ಎಂದವರ ಮುಖದಲ್ಲಿ ನಗು ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅವತ್ತು ನಿಲ್ಲಲು ಆಗಿರಲಿಲ್ಲ, ಈಗಲಾದರೂ ಉಸಿರು ತೆಗೆದುಕೊಳ್ಳೋಣ. ಆಕಾಶದ ನಕ್ಷತ್ರಗಳ ದೂರವನ್ನು ಅಳೆಯುವುದೂ ಇದೇ ಉಪಾಯದಿಂದ. ಭೂಮಿ ಸೂರ್ಯನ ಈ ಪಕ್ಕದಲ್ಲಿದ್ದಾಗ ಒಂದು ಸಲ ನೋಡುತ್ತಾರೆ, ಅರ್ಧ ವರ್ಷ ಕಾದು ಆ ಪಕ್ಕಕ್ಕೆ ಹೋದಾಗ ಇನ್ನೊಂದು ಸಲ. ನಕ್ಷತ್ರ ಸರಿದಂತೆ ಕಾಣುವ ಆ ಚೂರೇ ಚೂರು ಕೋನದಿಂದ ದೂರ ತಿಳಿಯುತ್ತದೆ. ಭೂಮಿಯ ಓಟದ ಇಡೀ ಅಡ್ಡಗಲವೇ ಅಲ್ಲಿ ಪಾದ. ಅಷ್ಟು ದೊಡ್ಡ ಜಗತ್ತು ಕೂಡ ನಮ್ಮ ಕರಿಹಲಗೆಯಂತೆ ಸಪಾಟಾಗಿದೆಯೇ, ಅಲ್ಲಿ ತ್ರಿಭುಜದ ಮೂರು ಕೋನ ಕೂಡಿದರೆ ಎರಡು ಲಂಬಕೋನವೇ ಆಗುತ್ತದೆಯೇ ಎಂದು ತಿಳಿದವರು ತಲೆ ಕೆಡಿಸಿಕೊಂಡಿದ್ದಾರೆ. ಭಾರವಾದ ಸೂರ್ಯನ ಪಕ್ಕದಲ್ಲಿ ಹಾಯುವ ಬೆಳಕು ಕೊಂಚ ಬಾಗುತ್ತದೆಯಂತೆ. ಆದರೂ ಇಡಿಯಾಗಿ ನೋಡಿದರೆ, ಅಳತೆಗೆ ಸಿಕ್ಕಷ್ಟು ಮಟ್ಟಿಗೆ, ವಿಶ್ವ ಸಪಾಟೇ ಇದೆಯಂತೆ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿಸಲ ಮೈ ಜುಮ್ಮೆನ್ನುತ್ತಿತ್ತು. ನಕ್ಷತ್ರ ತಪ್ಪಿಸಿಕೊಂಡರೆ ನಮ್ಮ ಗಂಟೇನು ಹೋಗುತ್ತದೆ, ಜುಮ್ಮೆನ್ನಿಸಿಕೊಳ್ಳಬಹುದು. ಗಂಡ ಮೂರನೆಯ ಮೂಲೆಯಲ್ಲಿ ನಿಂತಾಗ ಅದೇ ತ್ರಿಭುಜವನ್ನು ನಂಬಲು ಗುಂಡಿಗೆ ಬೇಕು. ಬೆಳಕು ಸೂರ್ಯನ ಹತ್ತಿರ ಬಾಗಿದರೆ ಶಬ್ದ ಗುಡ್ಡಕ್ಕೆ ಬಡಿದು ಎಲ್ಲಿಗೆ ಬೇಕಾದರೂ ತಿರುಗೀತು ಎಂಬುದು ನನಗೆ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ.

ಮುಂದಿನ ಕೂಗು ಬಂದಾಗ ನಾನು ಅಂಗಳದಲ್ಲಿ, ಭಾವ ಸಾಲಿಗುಡಿಯ ಹತ್ತಿರ ಕೈ ಚಾಚಿ ನಿಂತಿದ್ದೆವು. ನನ್ನ ಕೈಯ ನೇರಕ್ಕೆ ಅಕ್ಕ ನೆಲದ ಮೇಲೆ ಒಂದು ಬಿದಿರು ಗಳ ಇಟ್ಟಳು. ಭಾವ ಇಕ್ಕಳವನ್ನು ತುಂಬಿದ ಹಾಲಿನ ಗಿಂಡಿಯಂತೆ ಎರಡು ಕೈಯಲ್ಲಿ ಹಿಡಿದು ಬಂದರು. ಟೀಚರಮ್ಮನ ಪರ್ಸಿನಲ್ಲಿ ಸೀಮೆಸುಣ್ಣ ಇಲ್ಲದೆ ಇರುತ್ತದೆಯೇ. ಪಡಸಾಲೆಯ ಕಲ್ಲಿನ ನೆಲದ ಮೇಲೆ ರಸ್ತೆಯ ಗೆರೆ ಎಳೆದೆ, ಈ ತುದಿಗೆ ಗಳದ ಕೋನ, ಆ ತುದಿಗೆ ಇಕ್ಕಳದ ಕೋನ. ಎರಡು ಗೆರೆಗಳು ಕೂಡಿದ ಕಡೆ ಒಂದು ಚುಕ್ಕೆ ಇಟ್ಟು ಸೀಮೆಸುಣ್ಣವನ್ನು ಭಾವನ ಕೈಗೆ ಕೊಟ್ಟೆ. "ಹಳ್ಳ ಎಲ್ಲಿ ಹಾಯ್ದ ಹೋಗತೈತಿ, ಬರೀರಿ" ಎಂದೆ.

ಭಾವ ಬಾಗಿ ಹಳ್ಳವನ್ನು ಎಳೆದರು. ಗೆರೆ ನನ್ನ ಚುಕ್ಕೆಯ ಈಚೆಗೇ ಹಾದುಹೋಯಿತು. ಚುಕ್ಕೆ ಆಚೆ ದಂಡೆಯ ಮೇಲೆ ಉಳಿಯಿತು, ದಂಡೆಗೆ ಅಂಟಿಕೊಂಡಂತೆ.

"ಇದು ಮಣ್ಣ ಕುಸದದ್ದ ಜಾಗಾ" ಎಂದರು ಭಾವ. ಆಮೇಲೆ ಎದ್ದು, "ಸಿಕ್ಕತಲ್ಲ, ಇನ್ನ ಓ ಅನ್ರಿ ಎಲ್ಲಾರೂ, ಜೀವದಾಗ ಜೀವ ಬರ್ಲಿ ಅವರಿಗೆ" ಎಂದು ಹೊರಗಿನವರಿಗೆ ಹೇಳಹೊರಟರು.

"ಬ್ಯಾಡ್ರಿ" ಎಂದೆ. "ಯಾರೂ ಓ ಅನಬ್ಯಾಡ್ರಿ."

ಅಕ್ಕ ನನ್ನ ಭುಜ ಹಿಡಿದಳು. "ಏನಂತಿ ಶಾರದಾ? ಅವರು ಕೂಗಾಕತ್ತಾರ, ನಾವು ಬಾಯಿ ಮುಚ್ಚಿಕೊಂಡ ನಿಂದ್ರೂದ?"

"ನಾವು ಓ ಅಂದ್ರ ನಮ್ಮ ದನಿ ಹಿಡಕೊಂಡ ಸೀದಾ ಬರತಾರ ಅಕ್ಕಾ. ಸೀದಾ ಬಂದ್ರ ನಡುವ ಹಳ್ಳ ಐತಿ. ಸಕ್ಕರಿ ಇಳದಾಗ ಅವರಿಗೆ ಹಳ್ಳ ಯಾವುದು ರಸ್ತೆ ಯಾವುದು ತಿಳಿಯೂದಿಲ್ಲ. ನಿಂದರ್ರಿ ಅಂತ ಒದರಿದ್ರೂ ಮಾತ ಕೇಳಸಾಂಗಿಲ್ಲ, ದನಿ ಅಷ್ಟ ಕೇಳಸತೈತಿ."

ಭಾವ ನನ್ನ ಕಡೆ ತಿರುಗಿದರು. "ಕೂಗಿಗೆ ಓ ಕೊಡದ ಬಿಟ್ರ ಕೂಗಿದಾಂವ ಕೈ ಚೆಲ್ಲತಾನ. ನಮ್ಮ ಹಿರ್ಯಾರು ವೈರಿಗೂ ಹಿಂಗ ಮಾಡಿಲ್ಲ" ಎಂದರು. "ಆ ಚುಕ್ಕಿ ಖರೇ ಅಂತ ನೀ ಹೇಳತಿ?"

ಎರಡು ಬಿಂದುಗಳ ನಡುವಿನ ಅತ್ಯಂತ ಹತ್ತಿರದ ದಾರಿ ನೇರವಾದದ್ದು ಎಂದು ಎಷ್ಟು ತಲೆಗಳಿಗೆ ನಾನು ತುಂಬಿದ್ದೇನೆ. ಆ ನೇರ ದಾರಿಯೇ ಅವರನ್ನು ಕೊಲ್ಲುವುದಿತ್ತು. "ಖರೇ ಐತ್ರಿ" ಎಂದೆ. ಖಚಿತವಾಗಿ ಗೊತ್ತಿರಲಿಲ್ಲ. ಗುಡ್ಡ ನನ್ನ ಕಿವಿಗೆ ಮೋಸ ಮಾಡಿದ್ದರೆ, ಆ ಚುಕ್ಕೆ ಬರಿಯ ಸುಣ್ಣದ ಚುಕ್ಕೆಯಾಗಿದ್ದರೆ, ನನ್ನ ಮಾತಿನಿಂದಲೇ ಅವರು ಅನಾಥರಾಗಿ ಬಿದ್ದಿರುತ್ತಿದ್ದರು. ಭಾವ ಬೆಲ್ಲದ ಹೆಂಟೆಯನ್ನು ಜೇಬಿಗೆ ಹಾಕಿಕೊಂಡು, ಮತ್ತಿಬ್ಬರನ್ನು ಕರೆದುಕೊಂಡು, ಬಾಂದಾರದ ಸುತ್ತುದಾರಿ ಹಿಡಿದು ಸದ್ದಿಲ್ಲದೆ ಹೋದರು. ಊರು ಬಾಯಿ ಮುಚ್ಚಿತು.

ನಾನು ಅಂಗಳದಲ್ಲೇ ಕಣ್ಣು ಮುಚ್ಚಿ, ಕೈ ಚಾಚಿ ನಿಂತೆ. ಅದರ ಅಗತ್ಯ ಮುಗಿದಿತ್ತು. ಆದರೆ ಕೈ ಇಳಿಸಿದರೆ ಅವರು ಅಲ್ಲಿಂದ ಅಳಿಸಿಹೋಗುತ್ತಾರೆ ಎಂಬ ಹುಚ್ಚು ಭಯ ಹಿಡಿದಿತ್ತು. "ಓ ಅಣ್ಣಾ" ಎಂದರು. ಯಾರೂ ಓ ಎನ್ನಲಿಲ್ಲ. "ಓ ಅಕ್ಕಾರ" ಎಂದರು. ಅಕ್ಕ ಕಂಬಕ್ಕೆ ಹಣೆ ಒತ್ತಿ ನಿಂತಳು. ದನಿಯಲ್ಲಿ ತೊದಲು ಸೇರಿಕೊಂಡಿದ್ದು ನನಗೆ ತಿಳಿಯುತ್ತಿತ್ತು. ಆಮೇಲೆ ನನ್ನ ಹೆಸರು ಬಂತು. "ಶಾರದಾ..." ಮದುವೆಯಾದಾಗಿನಿಂದ ನಾಲ್ಕು ಜನ ಕೇಳುವಂತೆ ಅವರು ಒಮ್ಮೆಯೂ ನನ್ನ ಹೆಸರು ಹಿಡಿದು ಕರೆದವರಲ್ಲ. ಅವರ ಮನೆಯಲ್ಲಿ ಅದು ರೂಢಿಯಿಲ್ಲ. ಈಗ ಇಡೀ ಊರು ಕೇಳುತ್ತಿತ್ತು. "ಶಾರದಾ..." ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಗಂಟಲಿಗೆ ಬಂದ ಓ ಅನ್ನು ನುಂಗುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಕೊನೆಯ ಸಲದ ಕೂಗಿನಲ್ಲಿ ಸಿಟ್ಟಿತ್ತು, ಅಳುವೂ ಇತ್ತು. ಆಮೇಲೆ ಕೂಗೇ ನಿಂತಿತು.

ಹಳ್ಳದ ಸದ್ದು ಒಂದೇ ಉಳಿಯಿತು. ನಾನು ಕೊಂದೆ ಎಂದುಕೊಂಡೆ. ಅಕ್ಕ ಏನೋ ಹೇಳುತ್ತಿದ್ದಳು, ತಲೆಗೆ ಹೋಗಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು, ಹಳ್ಳದ ಆಚೆಯಿಂದ ಭಾವನ ಗಟ್ಟಿ ದನಿ ಎದ್ದು ಬಂತು. ಸಿಕ್ಕರು ಎಂಬ ಕೂಗು ಅದು. ಇಡೀ ಊರು ತಡೆದಿಟ್ಟುಕೊಂಡಿದ್ದ ಓ ಅನ್ನು ಒಟ್ಟಿಗೆ ಬಿಟ್ಟ ಸದ್ದಿಗೆ ಕೊಟ್ಟಿಗೆಯ ದನಗಳು ಎದ್ದು ನಿಂತವು. ನಾನು ಅಲ್ಲೇ ಕೆಸರಿನಲ್ಲಿ ಕೂತು ಜೋರಾಗಿ ಅತ್ತೆ.

ನನ್ನ ಚುಕ್ಕೆಯಿಂದ ಒಂದು ಗದ್ದೆಯ ಅಗಲದಷ್ಟು ಆಚೆಗೆ, ಕುಸಿದ ದಂಡೆಯ ಅಂಚಿನ ಮತ್ತಿ ಮರವೊಂದನ್ನು ತಬ್ಬಿಕೊಂಡು ಕೂತಿದ್ದರಂತೆ. ಬೆಲ್ಲ ಬಾಯಿಗಿಟ್ಟರೆ ಮೊದಲು ಉಗಿದರಂತೆ. ಹೊತ್ತುಕೊಂಡು ಬಂದು ಮಲಗಿಸಿದ ಮೇಲೆ, ಅರ್ಧ ರೊಟ್ಟಿ ಒಳಗೆ ಹೋದ ಮೇಲೆ, ಮಾತು ನೆಟ್ಟಗಾಯಿತು. "ಯಾರೂ ಓ ಅನ್ನಲಿಲ್ಲ. ಯಾಕಡೆ ಹೋಗಬೇಕಂತ ತಿಳೀಲಿಲ್ಲ, ಕುಂತೆ. ಎಲ್ಲಾರೂ ಊಟಕ್ಕ ಕುಂತೀರಿ ಅನಕೊಂಡೆ" ಎಂದರು. ಎಲ್ಲರೂ ನಕ್ಕರು. ಅವರು ನನ್ನ ಕಡೆ ನೋಡಲಿಲ್ಲ.

ಬೆಳಗಾವಿಗೆ ಬಂದ ಮೇಲೂ ಆ ಮಾತು ಇಬ್ಬರ ನಡುವೆ ಏಳಲಿಲ್ಲ. ಅವರ ತಮಾಷೆ ಕಡಿಮೆಯಾಗಿತ್ತು. ಒಂದು ಸಂಜೆ ಚಹಾ ಕುಡಿಯುತ್ತಾ, ಕಪ್ಪಿನೊಳಗೇ ನೋಡುತ್ತಾ ಕೇಳಿದರು.

"ಅವತ್ತ ನಾ ಕೂಗಿದ್ದು ನಿನಗ ಕೇಳಸ್ತಿತ್ತೇನು?"

"ಕೇಳಸ್ತಿತ್ರಿ."

"ಹೆಸರ ಹಿಡದ ಕರದದ್ದು?"

"ಅದೂ ಕೇಳಸ್ತು."

ನಾನು ಪೇಪರಿನ ಅಂಚಿನಲ್ಲಿ ರಸ್ತೆ ಬರೆದೆ, ಎರಡು ಕೋನ ಬರೆದೆ, ಚುಕ್ಕೆಯನ್ನೂ ಹಳ್ಳವನ್ನೂ ಬರೆದೆ, ನಾವು ಓ ಎಂದಿದ್ದರೆ ಅವರು ಬರುತ್ತಿದ್ದ ನೇರ ದಾರಿಯನ್ನೂ ಎಳೆದೆ. ಅವರು ಕನ್ನಡಕ ಹಾಕಿಕೊಂಡು, ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವ ಹಾಗೆ ಅದನ್ನು ನಿಧಾನವಾಗಿ ನೋಡಿದರು. "ಬರೋಬರ್ ಐತಿ. ನಿನ್ನ ಜಾಗಾದಾಗ ನಾ ಇದ್ರೂ ಹಿಂಗ ಮಾಡತಿದ್ದೆ" ಎಂದರು. ಕಪ್ಪು ಕೆಳಗಿಟ್ಟು ಎದ್ದು ಒಳಗಿನ ಕೋಣೆಗೆ ಹೋದರು. ಆಮೇಲೆ ಅಲ್ಲಿಂದ, ಮೆಲ್ಲಗೆ, ನನ್ನ ಹೆಸರು ಕೇಳಿಸಿತು.

"ಶಾರದಾ."

"ಓ" ಎಂದೆ. "ಏನ ಬೇಕಾಗಿತ್ರಿ?"

"ಏನಿಲ್ಲ" ಎಂದರು. "ನೀ ಓ ಅನ್ನೂದು ಕೇಳಬೇಕಾಗಿತ್ತು."